ಎರಡು ಕಿಲೋ ಮುನ್ನೂರೈವತ್ತು

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು
ಡಾಕ್ಟರಮ್ಮ ಅಂದಳು: ನೋಡು ನೆರಿನಾ,
ನಿನ್ನ ಸೊಂಟದ ಎಲುಬು ಹಳೇ ಲೇಸು.
ನಡೆ. ಬರಿಮೈಯಲ್ಲಲ್ಲ, ಭಾರ ಹೊತ್ತು ನಡೆ,
ಕೆಲಸ ಕೊಟ್ಟರಷ್ಟೇ ಎಲುಬು ಉಳಿಯುವುದು.
ಲೇಸೇ ಆಯಿತು, ಅಂದುಕೊಂಡೆ.
ಹೊಲಿಗೆಯವಳಿಗೆ ಬೇರೇನು ಸವೆಯಬೇಕು?

ತೆರಿಗೆಯಿಲ್ಲದ ಮಳಿಗೆಗಳ ಸಾಲಿನಲ್ಲಿ
ಆಟದ ಸಾಮಾನಿನ ಅಂಗಡಿ.
ಗೋಡೆಯ ತುಂಬ ಕಪ್ಪು ಜಾಕೀಟು,
ತಲೆಯಿಲ್ಲದ ಪೊಲೀಸರು ಸಾಲಾಗಿ ನಿಂತ ಹಾಗೆ.
ಯೆರ್ಕೊ ಎಂದು ಎದೆಯ ಮೇಲೆ ಬರೆದುಕೊಂಡ ಹುಡುಗ
ಅಜ್ಜಿ, ಮೊಮ್ಮಗನಿಗಾ? ಅಂದ.
ನನಗೇ, ಅಂದೆ. ಪಾಪ, ಕಿವಿ ಕೆಂಪಾಯಿತು.

ಮೊದಲನೆಯದರೊಳಗೆ ಮರಳು.
ನಾಲ್ಕು ಹೆಜ್ಜೆಗೆ ಸುಯ್ಯೆಂದು ಜಾರಿ
ಹೊಕ್ಕುಳ ಕೆಳಗೆ ಬಂದು ಕೂತಿತು.
ಅಲ್ಲಿ ಎರಡು ಸಲ ಹೊತ್ತಿದ್ದೇನೆ, ಸಾಕು.

ಎರಡನೆಯದಕ್ಕೆ ಕಬ್ಬಿಣದ ಪಟ್ಟಿ,
ಬೇಕಾದರೆ ಹಾಕು, ಬೇಡವಾದರೆ ತೆಗೆ.
ಜಾಣತನವೇ. ಆದರೆ ಎದೆ ಹಲಗೆಯಂತೆ ಚಪ್ಪಟೆ.
ಇದನ್ನು ಕತ್ತರಿಸಿದವನು
ಯಾರ ಹಾಲು ಕುಡಿದು ಬೆಳೆದನೋ.

ಮೂರನೆಯದು ಸಾಸಿವೆಯಷ್ಟು ಸಣ್ಣ ಗುಂಡು,
ಬೆನ್ನಿಗೆ ಮೆತ್ತಗೆ ಒರಗಿತು, ಭುಜದ ಪಟ್ಟಿ ಅಗಲ.
ಒಳಗು ತಿರುವಿ ನೋಡಿದೆ: ಒಂಟಿ ಹೊಲಿಗೆ.
ಉಗುರಿನಲ್ಲಿ ಎಳೆದೆ, ಬಂತು.
ಅಜ್ಜೀ, ಅದು ಮಾರೋ ಸಾಮಾನು!

ನಿಮ್ಮ ತೂಕ ಎಷ್ಟು? ನಲವತ್ತೇಳು.
ನೂರಕ್ಕೆ ಐದರಂತೆ ಶುರು ಮಾಡಿ ಎಂದು ಮೊಬೈಲಿನಲ್ಲಿ ಒತ್ತಿ
ಎರಡು ಕಿಲೋ ಮುನ್ನೂರೈವತ್ತು, ಅಂದ
ಕುರಿಮಾಂಸ ತೂಗಿಕೊಡುವ ಗತ್ತಿನಲ್ಲಿ.

ತೂಕದ ಪಾಠ ನನಗೆ, ಮಗು?
ಮೂವತ್ತಾರು ವರ್ಷ ಪುಂತಾ ಅರೆನಾಸಿನ ಲಂಗಗಳಿಗೆ
ಅಂಚಿನಲ್ಲಿ ಸೀಸ ಹೊಲಿದಿದ್ದೇನೆ.
ಜಲಸಂಧಿಯಿಂದ ಗಾಳಿ ಬಂದರೆ
ಚೌಕದ ಮೂಲೆಗೆ ಹಗ್ಗ ಕಟ್ಟುವ ಊರು ಇದು,
ಹಗ್ಗ ಹಿಡಿದ ಕೈ ಲಂಗ ಹಿಡಿಯುವುದು ಹೇಗೆ?
ಶಾಲೆಯ ನೀಲಿ ಲಂಗಕ್ಕೆ ನಾಲ್ಕು ಗುಂಡು,
ಮದುಮಗಳ ಮುಸುಕಿಗೆ ಹನ್ನೆರಡು.
ನ್ಯಾಯಾಧೀಶರ ಹೆಂಡತಿಯ ಮಾತಿಗೆ ತೂಕವಿರಲಿಲ್ಲ,
ಲಂಗಕ್ಕಾದರೂ ಇರಲೆಂದು ಎಂಟು ಹಾಕಿದೆ.
ಹರಿದ ಬಲೆಗಳಿಂದ ಕಿತ್ತು ತರುತ್ತಿದ್ದ ದ್ರಾಗೊ,
ಏಡಿ ಹಿಡಿಯುವವನು, ನನ್ನವನು,
ಜೇಬು ಜೋತುಬಿದ್ದು ಬಾಗಿಲಲ್ಲಿ ನಿಂತು
ಇಗೋ ನಿನ್ನ ಮುತ್ತು ಅನ್ನುತ್ತಿದ್ದ.
ನನ್ನ ಲಂಗಕ್ಕೆ ಒಂದೂ ಹೊಲಿದುಕೊಳ್ಳಲಿಲ್ಲ.
ಪುರುಸೊತ್ತಿರಲಿಲ್ಲ, ಅಷ್ಟೆ.
ಆಗ ಗಾಳಿಗೂ ನಾನು ಬೇಕಿರಲಿಲ್ಲವೇನೋ.

ಕಿತ್ತುಬಂದ ಹೊಲಿಗೆ ತೋರಿಸಿ ಬೆಲೆ ಇಳಿಸಿದೆ.
ಕಿತ್ತವರು ನೀವೇ ಅಲ್ಲವಾ, ಅಂದ ಯೆರ್ಕೊ.
ಮಾಲೀಕನಿಗೆ ಹೇಳಬೇಡ, ಅಂದೆ.

ಮನೆಗೆ ಬಂದು ಪೂರ್ತಿ ಬಿಚ್ಚಿದೆ.
ಅಡುಗೆಮನೆಯ ತಕ್ಕಡಿಯಲ್ಲಿ ಚೀಲಚೀಲವಾಗಿ ತೂಗಿ
ಎದೆಗೆ ಎರಡು ಮಡಿಕೆ ಕೊಟ್ಟು, ಜೋಡಿ ದಾರದಲ್ಲಿ ಕೂರಿಸಿದೆ.
ಉಳಿದ ಗುಂಡು ಕಾಫಿ ಡಬ್ಬಿಗೆ, ಬರುವ ವರ್ಷಕ್ಕೆ.
ಕೊನೆಗೆ ಇಪ್ಪತ್ತು ಗ್ರಾಂ ಕಡಿಮೆ ಬಂತು.
ಡಬ್ಬಿ ಪಕ್ಕದಲ್ಲೇ ಇತ್ತು. ಕೈ ಅತ್ತ ಹೋಗಲಿಲ್ಲ.
ಮೇಜಿನ ಖಾನೆ ಎಳೆದು, ಗುಂಡಿಗಳ ಅಡಿಯಲ್ಲಿ ಹುಡುಕಿ
ಬಲೆಯ ಸೀಸ ಎರಡು ತೆಗೆದು
ಬೆನ್ನ ಕೆಳಗೆ, ಅಂಚಿಗೆ, ಹೊಲಿದೆ.

ಇವತ್ತು ಬೆಳಿಗ್ಗೆ ತೊಟ್ಟು ಹೊರಟೆ.
ಹುಡುಗಿಯರೆಲ್ಲ ಈಗ ಪ್ಯಾಂಟು,
ಗಾಳಿಗೆ ಎತ್ತಲು ಏನೂ ಸಿಗದೆ ಸಿಟ್ಟು.
ಚೌಕದ ತಿರುವಿನಲ್ಲಿ ನನ್ನನ್ನು ಕಂಡಿತು.
ಹಳೇ ಗಿರಾಕಿಯ ಹಾಗೆ ಅಂಚು ಮುಟ್ಟಿ, ಹೊಲಿಗೆ ನೋಡಿ
ಒಮ್ಮೆ ನೂಕಿತು.
ಅಲ್ಲಾಡಲಿಲ್ಲ ನಾನು.
ಆಮೇಲೆ ಹಗ್ಗ ಹಿಡಿದುಕೊಂಡೆ.
ಹಿಡಿಯಬೇಡ ಎಂದು ಡಾಕ್ಟರಮ್ಮ ಹೇಳಿಲ್ಲವಲ್ಲ.